ಯಾವ ಕ್ಯಾಡ್ ಸಾಫ್ಟ್‌ವೇರ್ ತಗೊಳ್ಳೋದು? ಒಂದೇ ಬ್ರಾಕೆಟ್ ಇಟ್ಕೊಂಡು ಎಲ್ಲದನ್ನೂ ಅಳೆದು ನೋಡಿದ್ದು

ಕ್ಯಾಡ್ ಸಾಫ್ಟ್‌ವೇರ್ (ಕಂಪ್ಯೂಟರಲ್ಲಿ ಡ್ರಾಯಿಂಗ್, ಮಾಡೆಲ್ ಬರೆಯೋ ಸಾಫ್ಟ್‌ವೇರ್) ಹೋಲಿಕೆ ಅಂತ ಹುಡುಕಿದ್ರೆ ಸಿಗೋದೆಲ್ಲ ಟಿಕ್ ಮಾರ್ಕ್ ಪಟ್ಟಿಗಳೇ. ಟುಡಿ ಇದೆಯಾ, ಇದೆ. ತ್ರೀಡಿ ಇದೆಯಾ, ಇದೆ. ರೆಂಡರಿಂಗ್ ಇದೆಯಾ, ಅದೂ ಇದೆ. ಹಾಗಾದ್ರೆ ಎಲ್ಲಾ ಒಂದೇ ತಾನೇ ಅನ್ಸತ್ತೆ, ಖಂಡಿತ ಒಂದೇ ಅಲ್ಲ. ಹೊಸದಾಗಿ ಬರೆಯುವಾಗ ಎಲ್ಲಾ ಸಾಫ್ಟ್‌ವೇರೂ ಚೆನ್ನಾಗೇ ಕಾಣತ್ತೆ, ಡೆಮೋ ವಿಡಿಯೋದಲ್ಲಂತೂ ಕೇಳೋದೇ ಬೇಡ, ಆದ್ರೆ ಡ್ರಾಯಿಂಗ್ ಅನ್ನೋದು ಒಂದ್ಸಲ ಬರೆದು ಮುಗಿಸೋ ಕೆಲಸ ಅಲ್ವಲ್ಲ, ಪಾರ್ಟ್ ತಯಾರಾಗಿ ಬರೋ ತನಕ, ಎಷ್ಟೋ ಸಲ ಬಂದ ಮೇಲೂ, ಅದು ಬದಲಾಗ್ತಾನೇ ಇರತ್ತೆ. ಹಾಗಾಗಿ ನಾನು ನೋಡೋದು ಎರಡೇ ವಿಷಯ. ಒಂದು, ಬರೆದು ಮುಗಿಸಿದ ಮೇಲೆ ಒಂದು ಅಳತೆ ಬದಲಾಯಿಸಿದ್ರೆ ಏನಾಗತ್ತೆ. ಎರಡು, ಫೈಲ್ ಬೇರೆಯವರ ಕೈಗೆ ಹೋದಾಗ ಏನು ಉಳಿಯತ್ತೆ, ಏನು ಕಳೆದುಹೋಗತ್ತೆ.

ಇದಕ್ಕೆ ನಾನು ಬಳಸೋದು ಒಂದು ಸಾದಾ ಎಲ್ ಆಕಾರದ ಬ್ರಾಕೆಟ್. ದಪ್ಪ 6 ಎಂಎಂ. ನೇರ ನಿಂತಿರೋ ಪ್ಲೇಟಲ್ಲಿ ಎಂ8 (8 ಎಂಎಂ ವ್ಯಾಸದ) ಬೋಲ್ಟ್ ಹೋಗೋಕೆ 9 ಎಂಎಂ ತೂತು ನಾಲ್ಕು, ಕೆಳಗಿನ ಸಾಲು ಬೇಸ್‌ನ ಅಡಿಯಿಂದ 20 ಎಂಎಂ ಎತ್ತರದಲ್ಲಿ. ಬೇಸಲ್ಲಿ ಎಂ8 ಟ್ಯಾಪ್ (ಒಳಗೆ ನೂಲು ಕೊರೆದ ತೂತು) ಎರಡು. ಒಳಮೂಲೆಯಲ್ಲಿ ಆರ್5 ಫಿಲೆಟ್ (5 ಎಂಎಂ ತ್ರಿಜ್ಯದಲ್ಲಿ ಮೂಲೆ ದುಂಡಗೆ ಮಾಡೋದು), ಮಧ್ಯದಲ್ಲಿ ಬಲಕ್ಕೆ ತ್ರಿಕೋನದ ಒಂದು ರಿಬ್. ಇಷ್ಟು ಬರೆದು, ಟುಡಿ ಡ್ರಾಯಿಂಗ್ ತೆಗೆದು, ಆಮೇಲೆ ದಪ್ಪ 6ರಿಂದ 8 ಮಾಡೋದು. ಸುಮ್ನೆ ಆರಿಸಿದ ಬದಲಾವಣೆ ಅಲ್ಲ ಇದು. ಎಂ8 ನೂಲಿನ ಪಿಚ್ 1.25, 6 ಎಂಎಂ ದಪ್ಪದಲ್ಲಿ ಐದು ಸುತ್ತೂ ಪೂರ್ತಿ ಸಿಗಲ್ಲ, 8 ಮಾಡಿದ್ರೆ ಆರು ಸುತ್ತು ದಾಟತ್ತೆ, ಅಂದ್ರೆ ಕೆಲಸದಲ್ಲಿ ನಿಜವಾಗ್ಲೂ ಬರೋ ಬದಲಾವಣೆನೇ.

ಮೊದಲು ಆಟೋಕ್ಯಾಡ್. 1982ರಲ್ಲಿ ಬಂದಿದ್ದು, ಇವತ್ತಿಗೂ ಡ್ರಾಫ್ಟಿಂಗ್ ಅಂದ ತಕ್ಷಣ ಬಾಯಿಗೆ ಬರೋ ಹೆಸರು ಇದೇ. ಇದರ ಜೀವ ಇರೋದು ಕಮಾಂಡ್ ಲೈನಲ್ಲಿ. ಬಲಗೈ ಮೌಸ್ ಮೇಲೆ, ಎಡಗೈ ಕೀಬೋರ್ಡ್ ಮೇಲೆ, ಎಲ್ ಒತ್ತಿ ಸ್ಪೇಸ್ ಬಾರ್, ಗೆರೆ ಶುರು. ಓ ಒತ್ತಿ ಸ್ಪೇಸ್, 6 ಒತ್ತಿ ಸ್ಪೇಸ್, ಗೆರೆ ಮುಟ್ಟಿ ಪಕ್ಕಕ್ಕೆ ಕ್ಲಿಕ್ ಮಾಡಿದ್ರೆ ಆಫ್‌ಸೆಟ್ ಆಯ್ತು. ಇನ್ನೊಂದ್ಸಲ ಸ್ಪೇಸ್ ಒತ್ತಿದ್ರೆ ಹಿಂದಿನ ಕಮಾಂಡೇ ಮತ್ತೆ ಬರತ್ತೆ. ಎಫ್ ಕೊಟ್ಟು ಶಿಫ್ಟ್ ಹಿಡ್ಕೊಂಡು ಎರಡನೇ ಗೆರೆ ಮುಟ್ಟಿದ್ರೆ ಮೂಲೆ ಚೊಕ್ಕವಾಗಿ ಕೂಡ್ಕೊಳ್ಳತ್ತೆ, ಟ್ರಿಮ್ ಮಾಡೋ ಗೊಡವೆನೇ ಇಲ್ಲ. ಇದು ಕೈಗೆ ಹತ್ತಿಬಿಟ್ರೆ ಐಕಾನ್ ಹುಡುಕ್ಕೊಂಡು ಮೆನುವಿನೊಳಗೆ ಹೋಗೋ ಸಾಫ್ಟ್‌ವೇರ್ ಎಲ್ಲಾ ನಿಧಾನ ಅನ್ಸೋಕೆ ಶುರು ಆಗತ್ತೆ. ಲೇಯರ್, ಬ್ಲಾಕ್ (ಒಂದು ಗುಂಪಾಗಿ ಕಟ್ಟಿಟ್ಟ ಆಕಾರ), ಎಕ್ಸ್‌ರೆಫ್ (ಬೇರೆ ಡ್ರಾಯಿಂಗ್ ಫೈಲನ್ನ ಇದರೊಳಗೆ ತೋರಿಸೋದು), ಪ್ಲಾಟ್ ಸ್ಟೈಲ್ (ಪ್ರಿಂಟಲ್ಲಿ ಗೆರೆ ಹೇಗೆ ಬರ್ಬೇಕು ಅನ್ನೋದು), ಇವೆಲ್ಲ ವರ್ಷಾನುಗಟ್ಟಲೆ ಪಳಗಿ ಗಟ್ಟಿಯಾಗಿರೋ ವ್ಯವಸ್ಥೆ. ಶುದ್ಧ ಟುಡಿ ವೇಗ ಬೇಕು ಅಂದ್ರೆ ಇದರ ಪದ್ಧತಿಗೆ ಸಮ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ದಪ್ಪ 8 ಮಾಡೋಣ. ಸೈಡ್ ವ್ಯೂನಲ್ಲಿ ಸ್ಟ್ರೆಚ್ ಕಮಾಂಡ್ ತಗೊಂಡು ಬಲದಿಂದ ಎಡಕ್ಕೆ ವಿಂಡೋ ಎಳೆದು ಒಳಗಿನ ಗೆರೆ 2 ಎಂಎಂ ಸರಿಸ್ಬೇಕು, ಹಾಗೇ ಬೇಸಿಂದೂ ಸರಿಸ್ಬೇಕು, ಫಿಲೆಟ್ ಜೊತೆಗೆ ಬಂತಾ ನೋಡ್ಕೋಬೇಕು, ರಿಬ್‌ನ ಕಾಲು ಎರಡೂ ಕಡೆ ಸರಿಯಾಗಿ ಕೂತಿದೆಯಾ ನೋಡ್ಬೇಕು. ಆಮೇಲೆ ಟಾಪ್ ವ್ಯೂಗೆ ಹೋಗಿ ಅಲ್ಲೂ ಅದೇ ಗೆರೆ. ಫ್ರಂಟ್ ವ್ಯೂನಲ್ಲೂ ಅದೇ. ಸೆಕ್ಷನ್ (ಕತ್ತರಿಸಿ ತೋರಿಸೋ ನೋಟ) ಇದ್ರೆ ಅಲ್ಲಿ ಹ್ಯಾಚ್ (ಕತ್ತರಿಸಿದ ಜಾಗಕ್ಕೆ ತುಂಬೋ ಓರೆ ಗೆರೆಗಳು) ಸಮೇತ. ಡೈಮೆನ್ಶನ್ ಗೆರೆಗೆ ಅಂಟಿಕೊಂಡಿದ್ರೆ ತಾನೇ ಬದಲಾಗತ್ತೆ, ಯಾರೋ ಡೈಮೆನ್ಶನ್ ಟೆಕ್ಸ್ಟ್ ಮೇಲೆ ಕೈಯಿಂದ ನಂಬರ್ ಟೈಪ್ ಮಾಡಿಟ್ಟಿದ್ರೆ ಅದು ಹಳೇ ನಂಬರಲ್ಲೇ ಕೂತಿರತ್ತೆ. ಒಂದು ವ್ಯೂನಲ್ಲಿ 8, ಇನ್ನೊಂದರಲ್ಲಿ 6 ಇರೋ ಡ್ರಾಯಿಂಗ್ ಮೆಶಿನ್ ಮುಂದೆ ನಿಂತಿರೋವ್ರ ಕೈಗೆ ಸಿಕ್ಕಿದ್ರೆ ಅವರು ಏನು ತಾನೇ ಮಾಡ್ತಾರೆ ಹೇಳಿ. ಆಟೋಕ್ಯಾಡ್ 2010ರಿಂದ ಟುಡಿಯಲ್ಲೂ ಪ್ಯಾರಾಮೆಟ್ರಿಕ್ ಕನ್‌ಸ್ಟ್ರೇಂಟ್ (ಗೆರೆಗಳನ್ನ ಅಳತೆ, ಸಂಬಂಧಗಳಿಂದ ಕಟ್ಟಿಡೋದು) ಹಾಕ್ಬಹುದು ನಿಜ, ಆದ್ರೆ ಮೂರು ವ್ಯೂಗಳನ್ನ ಒಂದಕ್ಕೊಂದು ಕಟ್ಟೋ ಕೆಲಸ ನಿಮ್ಮ ತಲೆ ಮೇಲೇ ಇರತ್ತೆ. ಕಟ್ಟಡದ ಪ್ಲಾನ್, ವೈರಿಂಗ್ ಲೇಔಟ್, ಪೈಪಿಂಗ್ ಸ್ಕೀಮ್ಯಾಟಿಕ್, ಶೀಟ್ ಕಟಿಂಗ್ ಪ್ರೊಫೈಲ್, ಇಂಥವುಗಳಿಗೆ ಇದು ತೊಂದರೆನೇ ಅಲ್ಲ, ಯಾಕಂದ್ರೆ ಅಲ್ಲಿ ಡ್ರಾಯಿಂಗೇ ವಸ್ತು. ಮೆಶಿನ್ ಪಾರ್ಟ್‌ಗೆ ಬಂದಾಗ ಮಾತ್ರ ಇದು ಭಾರ ಆಗತ್ತೆ.

ಆಟೋಕ್ಯಾಡ್ ಇವತ್ತು ಸಬ್‌ಸ್ಕ್ರಿಪ್ಶನ್ ಮಾತ್ರ, 2016ರಿಂದ ಆಚೆಗೆ ಶಾಶ್ವತ ಲೈಸೆನ್ಸ್ ಹೊಸದಾಗಿ ಸಿಗಲ್ಲ. ವರ್ಷ ವರ್ಷ ಕಟ್ಟೋದು ಬೇಡ, ಕಮಾಂಡ್ ಲೈನ್ ಅಭ್ಯಾಸನೂ ಬಿಡೋಕಾಗಲ್ಲ ಅನ್ನೋವ್ರು ಬ್ರಿಕ್ಸ್‌ಕ್ಯಾಡ್ ನೋಡ್ಲೇಬೇಕು. ಬೆಲ್ಜಿಯಂ ಮೂಲದ್ದು, 2018ರಲ್ಲಿ ಹೆಕ್ಸಗನ್ ಕಂಪನಿ ಕೊಂಡ್ಕೊಳ್ತು, ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳೋ ಲೈಸೆನ್ಸ್ ಇದರಲ್ಲಿ ಇದೆ. ಕಮಾಂಡ್‌ಗಳು ಹೆಚ್ಚುಕಡಿಮೆ ಅವೇ, ಫೈಲ್ ಫಾರ್ಮ್ಯಾಟ್ ನೇರ ಆಟೋಕ್ಯಾಡಿನ ಡಿಡಬ್ಲ್ಯೂಜಿ, ಆಟೋಕ್ಯಾಡಿಗೆ ಬರೆದಿಟ್ಟ ಹಳೇ ಲಿಸ್ಪ್ ರೊಟೀನ್‌ಗಳೂ (ಸಣ್ಣ ಪ್ರೋಗ್ರಾಂಗಳು) ಬಹುತೇಕ ಓಡ್ತವೆ, ಲಿನಕ್ಸಲ್ಲೂ ನಡೆಯತ್ತೆ. ಬ್ಲಾಕಿಫೈ ಅಂತ ಒಂದು ಕಮಾಂಡ್ ಇದೆ ನೋಡಿ, ಯಾರೋ ಕಾಪಿ ಪೇಸ್ಟ್ ಮಾಡಿ ಚೆಲ್ಲಿರೋ ಒಂದೇ ಥರದ ಆಕಾರಗಳನ್ನೆಲ್ಲ ಹುಡುಕಿ ಒಂದೇ ಬ್ಲಾಕ್ ಮಾಡಿಕೊಡತ್ತೆ, ಆಮೇಲೆ ಒಂದನ್ನ ಬದಲಾಯಿಸಿದ್ರೆ ಎಲ್ಲಾ ಬದಲಾಗತ್ತೆ. ಬೇರೆಯವರ ಡ್ರಾಯಿಂಗ್ ಕೈಗೆ ಬಂದಾಗ ಇದರ ಬೆಲೆ ಗೊತ್ತಾಗತ್ತೆ.

ಲಿಬ್ರೆಕ್ಯಾಡ್ ಉಚಿತ, ಹಗುರ, ಹಳೇ ಕಂಪ್ಯೂಟರಲ್ಲೂ ಓಡತ್ತೆ. ಟುಡಿ ಮಾತ್ರ, ಕೆಲಸ ಡಿಎಕ್ಸ್‌ಎಫ್ (ಬೇರೆ ಬೇರೆ ಸಾಫ್ಟ್‌ವೇರ್ ನಡುವೆ ಡ್ರಾಯಿಂಗ್ ಹಂಚ್ಕೊಳ್ಳೋ ಫಾರ್ಮ್ಯಾಟ್) ಮೇಲೆ, ಡಿಡಬ್ಲ್ಯೂಜಿ ಓದೋದು ಅಲ್ಪಸ್ವಲ್ಪ, ಬರೆಯೋದಿಲ್ಲ. ಲೇಸರ್ ಕಟಿಂಗ್‌ಗೆ ಒಂದು ಪ್ರೊಫೈಲ್ ಬರೀಬೇಕು, ಅಷ್ಟೇ ಕೆಲಸ ಅನ್ನೋವ್ರಿಗೆ ಧಾರಾಳ ಸಾಕು.

ಈಗ ಮಾಡೆಲಿಂಗ್ ಕಡೆ ಬರೋಣ. 1980ರ ದಶಕದ ಕೊನೆಗೆ ಪಿಟಿಸಿ ಕಂಪನಿ ಪ್ರೋಇಂಜಿನಿಯರ್ ತಂದು, ಇವತ್ತು ಅದರ ಹೆಸರು ಕ್ರಿಯೋ, ಇಡೀ ಲೋಕಕ್ಕೆ ಒಂದು ಹೊಸ ದಾರಿ ತೋರಿಸ್ತು. ಗೆರೆ ಎಳೆಯೋದಲ್ಲ, ಗೆರೆಗಳ ನಡುವಿನ ಸಂಬಂಧ ಹೇಳೋದು. ಇದು ಅದಕ್ಕೆ ಸಮಾನಾಂತರ, ಈ ವೃತ್ತ ಆ ಮಧ್ಯರೇಖೆ ಮೇಲೆ, ಈ ದೂರ 20. ಸ್ಕೆಚ್ ಮಾಡು, ಎಕ್ಸ್‌ಟ್ರೂಡ್ ಮಾಡು (ಸ್ಕೆಚ್ ಎಳೆದು ದಪ್ಪ ಕೊಡು), ತೂತು ಹಾಕು, ಫಿಲೆಟ್ ಕೊಡು, ಪ್ರತಿ ಹೆಜ್ಜೆನೂ ಫೀಚರ್ ಟ್ರೀ ಅನ್ನೋ ಪಟ್ಟಿಯಲ್ಲಿ ಉಳಿಯತ್ತೆ. ಹಿಂದಿನ ಹೆಜ್ಜೆ ತಿದ್ದಿದ್ರೆ ಮುಂದಿನದೆಲ್ಲ ಮತ್ತೆ ಲೆಕ್ಕ ಆಗತ್ತೆ. ಇವತ್ತಿನ ಸಾಲಿಡ್‌ವರ್ಕ್ಸ್, ಫ್ಯೂಷನ್, ಆನ್‌ಶೇಪ್, ಫ್ರೀಕ್ಯಾಡ್, ಎಲ್ಲದರ ಬುಡ ಇದೇ.

ಸಾಲಿಡ್‌ವರ್ಕ್ಸ್ 1995ರಲ್ಲಿ ಬಂತು, 1997ರಲ್ಲಿ ದಸ್ಸೋ ಸಿಸ್ಟಮ್ಸ್ ಕೊಂಡ್ಕೊಳ್ತು. ವಿಂಡೋಸಲ್ಲಿ ಮಾತ್ರ. ಕೈಗೆ ತುಂಬಾ ಬೇಗ ಹತ್ತತ್ತೆ. ಸ್ಕೆಚ್ ಗೆರೆ ನೀಲಿ ಇದ್ರೆ ಇನ್ನೂ ಅಲ್ಲಾಡತ್ತೆ, ಕಪ್ಪಾದ್ರೆ ಪೂರ್ತಿ ಬಿಗಿಯಾಗಿದೆ ಅಂತ ಅರ್ಥ. ಕಪ್ಪಾಗೋ ತನಕ ಮುಂದೆ ಹೋಗ್ಬೇಡಿ, ಇದೊಂದು ಅಭ್ಯಾಸ ಬೆಳೆಸ್ಕೊಂಡ್ರೆ ಮುಂದಿನ ಅರ್ಧ ತಲೆನೋವು ಬರೋದೇ ಇಲ್ಲ. ಹೋಲ್ ವಿಝಾರ್ಡಲ್ಲಿ ಎಂ8 ಅಂತ ಆರಿಸಿದ್ರೆ ತೂತಿನ ಅಳತೆ ಅದೇ ಹಾಕತ್ತೆ, ಡ್ರಾಯಿಂಗಲ್ಲಿ ಹೋಲ್ ಕಾಲ್‌ಔಟ್ ಕೂಡ ತಾನೇ ಬರತ್ತೆ. ನಮ್ಮ ಬ್ರಾಕೆಟಲ್ಲಿ ದಪ್ಪದ ಮೇಲೆ ಡಬಲ್ ಕ್ಲಿಕ್, 8, ರೀಬಿಲ್ಡ್ (ಮಾಡೆಲ್ ಮತ್ತೆ ಲೆಕ್ಕ ಹಾಕಿಸೋದು). ಮೂರು ವ್ಯೂ, ಸೆಕ್ಷನ್, ರಿಬ್, ಹ್ಯಾಚ್, ಎಲ್ಲಾ ಒಟ್ಟಿಗೇ ಬದಲಾಗತ್ತೆ. ಡ್ರಾಯಿಂಗ್ ಗುಣಮಟ್ಟ, ವೆಲ್ಡಿಂಗ್ ಸಿಂಬಲ್, ಟಾಲರೆನ್ಸ್, ಬಿಲ್ ಆಫ್ ಮೆಟೀರಿಯಲ್, ಈ ವಿಚಾರದಲ್ಲಿ ಇದು ತುಂಬಾ ಪಕ್ವ. ಎಡಗೈ ಬಲಗೈ ಬ್ರಾಕೆಟ್ ಎರಡೂ ಒಂದೇ ಫೈಲಲ್ಲಿ ಕಾನ್ಫಿಗರೇಶನ್ ಮಾಡಿ ಇಟ್ಕೋಬಹುದು.

ಆದ್ರೆ ಇಲ್ಲೊಂದು ವಿಷಯ ಗಮನಿಸ್ಬೇಕು, ಇದು ಸಾಲಿಡ್‌ವರ್ಕ್ಸ್ ಒಂದಕ್ಕೇ ಅಲ್ಲ, ಎಲ್ಲಾ ಪ್ಯಾರಾಮೆಟ್ರಿಕ್ ಸಾಫ್ಟ್‌ವೇರಿಗೂ ಅನ್ವಯ. ಬೇಸ್‌ನ ಅಡಿಯಿಂದ ಲೆಕ್ಕ ಹಾಕಿದ್ರೆ, ದಪ್ಪ 6 ಇದ್ದಾಗ ಬೇಸ್‌ನ ಮೇಲ್ಮೈ 6ರಲ್ಲಿ, ಆರ್5 ಫಿಲೆಟ್ ಮುಗಿಯೋದು 11ರಲ್ಲಿ. ಎಂ8 ವಾಷರ್ ಹೊರವ್ಯಾಸ 16, ತೂತಿನ ಮಧ್ಯ 20ರಲ್ಲಿದೆ, ಹಾಗಾಗಿ ಒಳಗಡೆ ವಾಷರ್ ಕೆಳ ಅಂಚು 12ರಲ್ಲಿ ಬರತ್ತೆ. 1 ಎಂಎಂ ಜಾಗ ಇದೆ, ಸರಿ. ದಪ್ಪ 8 ಮಾಡಿದ ಕೂಡ್ಲೆ ಫಿಲೆಟ್ 13ಕ್ಕೆ ಹೋಗತ್ತೆ, ವಾಷರ್ 12ರಲ್ಲೇ ಇದೆ, ಅಂದ್ರೆ ವಾಷರ್ ಫಿಲೆಟ್ ಮೇಲೆ ಹತ್ತಿ ಓರೆಯಾಗಿ ಕೂರತ್ತೆ, ಬೋಲ್ಟ್ ಬಿಗಿ ಮಾಡಿದ್ರೆ ತಲೆ ಒಂದೇ ಕಡೆ ಒತ್ತತ್ತೆ. ಮಾಡೆಲ್ ಒಂದೂ ಎರರ್ ತೋರಿಸದೆ ಹಸಿರಾಗಿ ರೀಬಿಲ್ಡ್ ಆಗಿರತ್ತೆ. ತೂತಿನ ಅಳತೆಯನ್ನ ಬೇಸ್‌ನ ಒಳಮೈಯಿಂದ ಕೊಟ್ಟಿದ್ರೆ ಅನ್ಕೊಳ್ಳಿ, ಆಗ ತೂತು 2 ಎಂಎಂ ಮೇಲೆ ಹೋಗಿ ವಾಷರ್ ಬಚಾವ್, ಆದ್ರೆ ಎದುರಿಗೆ ಕೂರೋ ಪಾರ್ಟಿನ ತೂತಿಗೆ ಮ್ಯಾಚ್ ಆಗಲ್ಲ. ಯಾವ ಅಳತೆ ಎಲ್ಲಿಂದ ಕೊಡ್ಬೇಕು ಅನ್ನೋದು ಪಾರ್ಟ್ ಏನು ಕೆಲಸ ಮಾಡತ್ತೆ ಅನ್ನೋದ್ರ ಮೇಲೆ ನಿಂತಿದೆ, ಅದನ್ನ ಯಾವ ಸಾಫ್ಟ್‌ವೇರೂ ನಿಮ್ಮ ಬದಲು ಯೋಚಿಸಲ್ಲ. ಅಸೆಂಬ್ಲಿಯಲ್ಲಿ ವಾಷರ್ ಬೋಲ್ಟ್ ಸಮೇತ ಕೂರಿಸಿ ಇಂಟರ್‌ಫಿಯರೆನ್ಸ್ ಚೆಕ್ (ಒಂದು ಪಾರ್ಟ್ ಇನ್ನೊಂದರೊಳಗೆ ನುಗ್ಗಿದೆಯಾ ಅನ್ನೋ ಪರೀಕ್ಷೆ) ಓಡಿಸಿದ್ರೆ ತಕ್ಷಣ ಕೆಂಪಾಗಿ ತೋರಿಸತ್ತೆ, ಫಿಲೆಟ್ ಆರ್3 ಮಾಡಿದ್ರೆ ಮತ್ತೆ 1 ಎಂಎಂ ಜಾಗ ಸಿಗತ್ತೆ. ಅದಕ್ಕೇ ನಾನು ಹೇಳೋದು, ಮಾಡೆಲಿಂಗ್ ಸಾಫ್ಟ್‌ವೇರ್ ತೂಗುವಾಗ ಅಸೆಂಬ್ಲಿ ಮತ್ತೆ ಈ ಚೆಕ್ ಎಷ್ಟು ಸಲೀಸಾಗಿ ಆಗತ್ತೆ ಅಂತ ನೋಡಿ, ರೆಂಡರಿಂಗ್ ಎಷ್ಟು ಫಳಫಳ ಅಂತ ಅಲ್ಲ.

ಸಾಲಿಡ್‌ವರ್ಕ್ಸ್‌ನ ದೊಡ್ಡ ಕಿರಿಕಿರಿ ಫೈಲ್ ವರ್ಶನ್. ಹೊಸ ವರ್ಶನಲ್ಲಿ ಸೇವ್ ಮಾಡಿದ್ದು ಹಳೇದ್ರಲ್ಲಿ ತೆರೆಯಲ್ಲ, 2024ರ ವರ್ಶನಿಂದ ಹಿಂದಿನ ಎರಡು ವರ್ಶನಿಗೆ ಸೇವ್ ಮಾಡೋ ಅವಕಾಶ ಕೊಟ್ಟಿದ್ದಾರೆ, ಅಷ್ಟಾದ್ರೂ ಆಯ್ತಲ್ಲ ಅಂತ ನಿಜವಾಗ್ಲೂ ಖುಷಿ ಆಯ್ತು. ಹವ್ಯಾಸಿಗಳಿಗೆ ಮೇಕರ್ಸ್ ಅಂತ ಅಗ್ಗದ ಆವೃತ್ತಿ ಇದೆ, ಅದರ ಫೈಲ್ ಕಮರ್ಶಿಯಲ್ ಆವೃತ್ತಿಯಲ್ಲಿ ತೆರೆಯಲ್ಲ ಅನ್ನೋದು ನೆನಪಿರಲಿ, ಮುಂದೆ ಇದನ್ನೇ ದುಡಿಮೆ ಮಾಡ್ಕೋಬೇಕು ಅಂತಿದ್ರೆ ಮೊದಲೇ ಯೋಚಿಸಿ.

ಫ್ಯೂಷನ್ ಕೂಡ ಆಟೋಕ್ಯಾಡ್ ಮಾಡೋ ಆಟೋಡೆಸ್ಕ್‌ದೇ. ಇದರ ಆಕರ್ಷಣೆ ಏನಂದ್ರೆ ಮಾಡೆಲಿಂಗ್, ಡ್ರಾಯಿಂಗ್, ಸಿಎನ್‌ಸಿ ಟೂಲ್‌ಪಾತ್ (ಕಂಪ್ಯೂಟರ್ ನಡೆಸೋ ಮೆಶಿನಿನ ಟೂಲ್ ಹೋಗೋ ದಾರಿ), ಎಲ್ಲಾ ಒಂದೇ ಕಿಟಕಿಯಲ್ಲಿ. ಕೆಳಗಡೆ ಟೈಮ್‌ಲೈನ್ ಓಡ್ತಿರತ್ತೆ, ಹಿಂದಿನ ಯಾವ ಹೆಜ್ಜೆಗೆ ಬೇಕಾದ್ರೂ ಎಳ್ಕೊಂಡು ಹೋಗ್ಬಹುದು, ಎಡವಟ್ಟಾದ ಫೀಚರ್ ಹಳದಿ ಅಥವಾ ಕೆಂಪು ಆಗತ್ತೆ. ದಪ್ಪಕ್ಕೆ ಒಂದು ಯೂಸರ್ ಪ್ಯಾರಾಮೀಟರ್ ಹೆಸರು ಕೊಟ್ಟಿಟ್ರೆ ಬದಲಾವಣೆ ಒಂದು ಸೆಲ್ಲಲ್ಲಿ ಮುಗಿಯತ್ತೆ, ಮಾಡೆಲ್ ಬದಲಾದ್ರೆ ಟೂಲ್‌ಪಾತ್ ಮತ್ತೆ ಜನರೇಟ್ ಮಾಡಿದ್ರೆ ಸಾಕು. ಸ್ವಂತ ರೂಟರ್ ಅಥವಾ ಮಿಲ್ಲಿಂಗ್ ಮೆಶಿನ್ ಇರೋವ್ರಿಗೆ ಇದು ಬಹಳ ಹೊಂದತ್ತೆ. ಪರ್ಸನಲ್ ಲೈಸೆನ್ಸ್ ಉಚಿತ, ಆದ್ರೆ ಎಡಿಟ್ ಮಾಡೋಕಾಗೋ ಡಾಕ್ಯುಮೆಂಟ್ ಒಂದು ಹೊತ್ತಿಗೆ 10 ಮಾತ್ರ, ಉಳಿದವನ್ನ ರೀಡ್ ಓನ್ಲಿ ಮಾಡಿಡ್ಬೇಕು, ಟೂಲ್‌ಪಾತಲ್ಲಿ ರ‍್ಯಾಪಿಡ್ ಮೂವ್ (ಕಟ್ ಮಾಡದೆ ಟೂಲ್ ವೇಗವಾಗಿ ಸರಿಯೋದು) ಕೂಡ ಕಟ್ ಮಾಡೋ ನಿಧಾನ ವೇಗದಲ್ಲೇ ಹೋಗತ್ತೆ. ಹಿಂದೆ ಇದ್ದ ಸೌಲಭ್ಯಗಳನ್ನ 2020ರಲ್ಲಿ ಕಡಿಮೆ ಮಾಡಿದ್ದು ಎಲ್ರಿಗೂ ಗೊತ್ತು. ಕ್ಲೌಡ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಮೇಲೆ ದುಡಿಮೆ ಕಟ್ಕೊಳ್ಳೋವ್ರು ಇದನ್ನ ಲೆಕ್ಕಕ್ಕೆ ತಗೊಳ್ಲೇಬೇಕು, ನಿಯಮ ಅವರ ಕೈಲಿರತ್ತೆ, ನಿಮ್ಮ ಕೈಲಲ್ಲ.

ಆನ್‌ಶೇಪ್ ನಂಗೆ ಬಹಳ ಇಷ್ಟ ಆದ ಸಾಫ್ಟ್‌ವೇರ್. ಸಾಲಿಡ್‌ವರ್ಕ್ಸ್ ಕಟ್ಟಿದ ಜಾನ್ ಹಿರ್ಶ್ಟಿಕ್ ಅವರೇ ಮತ್ತೆ ಶುರು ಮಾಡಿದ್ದು, 2015ರಲ್ಲಿ ಹೊರಬಂತು, 2019ರಲ್ಲಿ ಪಿಟಿಸಿ ತಗೊಳ್ತು. ಬ್ರೌಸರಲ್ಲೇ ಓಡತ್ತೆ, ಇನ್‌ಸ್ಟಾಲ್ ಇಲ್ಲ, ಸೇವ್ ಬಟನ್ನೇ ಇಲ್ಲ, ಮಾಡಿದ ಪ್ರತಿ ಬದಲಾವಣೆನೂ ಇತಿಹಾಸದಲ್ಲಿ ಉಳಿಯತ್ತೆ. ಬದಲಾವಣೆ ವಿಚಾರಕ್ಕೆ ಬಂದ್ರೆ ಇದರ ಬ್ರಾಂಚ್ ವ್ಯವಸ್ಥೆ ಎಲ್ಲರಿಗಿಂತ ಮುಂದಿದೆ. ಮೂಲ ಬ್ರಾಕೆಟ್ ಹಾಗೇ ಬಿಟ್ಟು ಒಂದು ಬ್ರಾಂಚ್ ಮಾಡಿ, ಅದರಲ್ಲಿ 8 ಎಂಎಂ ಮಾಡಿ, ಫಿಲೆಟ್ ಆರ್3 ಮಾಡಿ, ಕಂಪೇರ್ ಕೊಟ್ಟು ಎರಡನ್ನೂ ಅಕ್ಕಪಕ್ಕ ನೋಡಿ, ಸರಿ ಅನ್ಸಿದ್ರೆ ಮರ್ಜ್. ಫೈನಲ್, ಫೈನಲ್ ಟು, ಫೈನಲ್ ಹೊಸದು ಅಂತ ಫೈಲ್ ಹೆಸರಿಡೋ ಕಾಟ ಇಲ್ಲಿ ಇಲ್ವೇ ಇಲ್ಲ. ಅಸೆಂಬ್ಲಿಯಲ್ಲಿ ಒಂದೇ ಮೇಟ್ (ಎರಡು ಪಾರ್ಟ್ ಜೋಡಿಸೋ ನಿಯಮ) ಕೊಟ್ರೆ ಪಾರ್ಟ್ ಹೇಗೆ ಚಲಿಸ್ಬೇಕು ಅನ್ನೋದು ಪೂರ್ತಿ ಹೇಳಿದ ಹಾಗೆ, ತಿರುಗ್ಬೇಕಾ ರೆವಲ್ಯೂಟ್, ಜಾರ್ಬೇಕಾ ಸ್ಲೈಡರ್, ಗಟ್ಟಿ ಕೂರ್ಬೇಕಾ ಫಾಸನ್ಡ್. ಬೇರೆ ಕಡೆ ಇದಕ್ಕೆ ಎರಡು ಮೂರು ಮೇಟ್ ಬೇಕಾಗತ್ತೆ. ಇಬ್ಬರು ಮೂವರು ಒಂದೇ ಹೊತ್ತಲ್ಲಿ ಒಂದೇ ಮಾಡೆಲ್ ತೆರೆದು ಕೆಲಸ ಮಾಡ್ಬಹುದು. ತೊಂದರೆ ಎರಡು. ಇಂಟರ್‌ನೆಟ್ ಹೋದ್ರೆ ಕೆಲಸ ನಿಂತಂಗೆ. ಇನ್ನೊಂದು, ಉಚಿತ ಪ್ಲಾನಲ್ಲಿ ನಿಮ್ಮ ಡಾಕ್ಯುಮೆಂಟ್ ಎಲ್ಲಾ ಪಬ್ಲಿಕ್, ಯಾರು ಬೇಕಾದ್ರೂ ನೋಡ್ಬಹುದು, ಕಾಪಿ ಮಾಡ್ಕೋಬಹುದು, ಕಮರ್ಶಿಯಲ್ ಬಳಕೆಗೂ ಅನುಮತಿ ಇಲ್ಲ. ಕಲಿಯೋಕೆ ಇದಕ್ಕಿಂತ ಒಳ್ಳೇ ಜಾಗ ಸಿಗೋದು ಕಷ್ಟ, ಗಿರಾಕಿಯ ಪಾರ್ಟ್ ಮಾತ್ರ ಉಚಿತ ಪ್ಲಾನಲ್ಲಿ ಇಡ್ಬೇಡಿ.

ಈಗ ಫ್ರೀಕ್ಯಾಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಹಳೇ ಅಭಿಪ್ರಾಯ ಇಟ್ಕೊಂಡು ಇದನ್ನ ತಳ್ಳಿಹಾಕೋವ್ರು ಇನ್ನೂ ತುಂಬಾ ಜನ ಇದ್ದಾರೆ. 2002ರಿಂದ ಬೆಳೀತಾ ಬಂದ ಓಪನ್ ಸೋರ್ಸ್ ಪ್ರಾಜೆಕ್ಟ್, 1.0 ಅನ್ನೋ ಆವೃತ್ತಿ ಬಂದಿದ್ದು 2024ರ ನವೆಂಬರಲ್ಲಿ, ಇಪ್ಪತ್ತು ವರ್ಷ ದಾಟಿದ ಮೇಲೆ. ಅಲ್ಲೀ ತನಕ ಇದರ ದೊಡ್ಡ ಶಾಪ ಟೋಪೋಲಾಜಿಕಲ್ ನೇಮಿಂಗ್ ಸಮಸ್ಯೆ. ಅದೇನಪ್ಪಾ ಅಂದ್ರೆ, ಸಾಫ್ಟ್‌ವೇರ್ ಒಳಗಡೆ ಮಾಡೆಲಿನ ಪ್ರತಿ ಮೈಗೂ ಒಂದೊಂದು ನಂಬರ್ ಇರತ್ತೆ, ಫೇಸ್ 6 ಮೇಲೆ ನೀವು ರಿಬ್‌ನ ಸ್ಕೆಚ್ ಕೂರಿಸಿರ್ತೀರ, ಆಮೇಲೆ ಹಿಂದಕ್ಕೆ ಹೋಗಿ ಒಂದು ತೂತು ಸೇರಿಸಿದ್ರೆ ನಂಬರ್‌ಗಳೆಲ್ಲ ಅದಲುಬದಲಾಗಿ ಹಳೇ ಫೇಸ್ 6 ಈಗ ಫೇಸ್ 8 ಆಗಿರತ್ತೆ, ರಿಬ್ ಹೋಗಿ ಬೇರೆ ಯಾವುದೋ ಮೈಗೆ ಅಂಟ್ಕೊಂಡಿರತ್ತೆ. 1.0ರಲ್ಲಿ ಇದನ್ನ ಬಹಳ ಮಟ್ಟಿಗೆ ಸರಿಪಡಿಸಿದ್ದಾರೆ. ನಮ್ಮ ಬ್ರಾಕೆಟಲ್ಲಿ ಹಿಂದಿನ ಸ್ಕೆಚ್ಚಿಗೆ ಹೋಗಿ ತೂತು ಸೇರಿಸಿ, ದಪ್ಪ ಬದಲಾಯಿಸಿ, ರಿಬ್ ತನ್ನ ಜಾಗದಲ್ಲೇ ಇರತ್ತೆ. ಮೊದಲಿನಿಂದ ಬಳಸ್ತಿರೋವ್ರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಮಾತಲ್ಲಿ ಹೇಳೋದು ಕಷ್ಟ. ಆದ್ರೂ ಸ್ಕೆಚ್‌ಗಳನ್ನ ಮಾಡೆಲಿನ ಮೈ ಮೇಲೆ ಕೂರಿಸೋ ಬದಲು ಮೂಲ ಪ್ಲೇನ್ ಅಥವಾ ಡೇಟಮ್ ಪ್ಲೇನ್ (ನಾವೇ ಇಟ್ಕೊಂಡ ಆಧಾರ ಸಮತಲ) ಮೇಲೆ ಕೂರಿಸೋದು, ಫಿಲೆಟ್, ಚಾಂಫರ್ (ಓರೆ ಅಂಚು) ಎಲ್ಲಾ ಕೊನೆಗೆ ಹಾಕೋದು, ಈ ಎರಡು ಪದ್ಧತಿ ಯಾವ ಸಾಫ್ಟ್‌ವೇರಲ್ಲೂ ನಿಮ್ಮನ್ನ ಕಾಪಾಡತ್ತೆ.

ಇದರಲ್ಲಿ ನಂಗೆ ತುಂಬಾ ಹಿಡಿಸಿದ್ದು ಸ್ಪ್ರೆಡ್‌ಶೀಟ್ ವರ್ಕ್‌ಬೆಂಚ್ (ವರ್ಕ್‌ಬೆಂಚ್ ಅಂದ್ರೆ ಒಂದೊಂದು ಥರದ ಕೆಲಸದ ಟೂಲ್‌ಗಳ ಗುಂಪು). ದಪ್ಪ, ತೂತಿನ ಎತ್ತರ, ಫಿಲೆಟ್, ವಾಷರ್ ವ್ಯಾಸ, ಎಲ್ಲಾ ಸೆಲ್ಲಲ್ಲಿ ಇಟ್ಟು ಅಲಿಯಾಸ್ ಹೆಸರು ಕೊಟ್ಟು, ಇನ್ನೊಂದು ಸೆಲ್ಲಲ್ಲಿ ತೂತಿನ ಎತ್ತರದಿಂದ ವಾಷರ್ ಅರ್ಧವ್ಯಾಸ, ದಪ್ಪ, ಫಿಲೆಟ್ ಕಳೆದ್ರೆ ಎಷ್ಟು ಜಾಗ ಉಳಿಯತ್ತೆ ಅಂತ ಲೆಕ್ಕ ಬರೆದಿಟ್ಟೆ. 8 ಅಂತ ಟೈಪ್ ಮಾಡಿದ ಕ್ಷಣಕ್ಕೆ ಆ ಸೆಲ್ ಮೈನಸ್ 1 ತೋರಿಸ್ತು. ವಾಷರ್ ಹತ್ತತ್ತೆ ಅನ್ನೋದು ಮಾಡೆಲ್ ತಿರುಗಿಸಿ ನೋಡೋ ಮೊದಲೇ ಗೊತ್ತಾಯ್ತು. ಇದನ್ನ ಬೇರೆ ಸಾಫ್ಟ್‌ವೇರಲ್ಲೂ ಈಕ್ವೇಶನ್ ಹಾಕಿ ಮಾಡ್ಬಹುದು, ಇಲ್ಲಿ ಅದು ಕಣ್ಣೆದುರಿಗೇ ಒಂದು ಹಾಳೆ ಥರ ಇರತ್ತೆ ಅನ್ನೋದೇ ಚೆಂದ. ಇನ್ನೂ ಒಂದು, ನೀವು ಮಾಡೋ ಕ್ಲಿಕ್‌ಗಳು ಪೈಥಾನ್ ಕನ್ಸೋಲಲ್ಲಿ ಕಮಾಂಡಾಗಿ ಮೂಡ್ತಾ ಹೋಗತ್ತೆ, ಅದನ್ನ ಕಾಪಿ ಮಾಡಿದ್ರೆ ಮ್ಯಾಕ್ರೋ ಅರ್ಧ ರೆಡಿ. ಸ್ಟ್ರೆಸ್ ಅನಾಲಿಸಿಸ್ಸಿಗೆ ಎಫ್‌ಇಎಂ ವರ್ಕ್‌ಬೆಂಚ್, ಟೂಲ್‌ಪಾತಿಗೆ ಕ್ಯಾಮ್, ಡ್ರಾಯಿಂಗಿಗೆ ಟೆಕ್‌ಡ್ರಾ, 1.0ರಿಂದ ಅಸೆಂಬ್ಲಿನೂ ಒಳಗೇ ಸೇರ್ಕೊಂಡಿದೆ.

ಕೊರತೆ ಇಲ್ವಾ ಅಂದ್ರೆ ಇದೆ. ಪಾರ್ಟ್ ಅಂತ ಒಂದು ವರ್ಕ್‌ಬೆಂಚ್, ಪಾರ್ಟ್ ಡಿಸೈನ್ ಅಂತ ಇನ್ನೊಂದು, ಹೊಸಬರಿಗೆ ಮೊದಲ ದಿನವೇ ಗೊಂದಲ. ನೀವು ಪಾರ್ಟ್ ಡಿಸೈನ್, ಸ್ಕೆಚರ್, ಟೆಕ್‌ಡ್ರಾ, ಈ ಮೂರರಲ್ಲೇ ಇರಿ, ಉಳಿದದ್ದು ಆಮೇಲೆ. ಒಳಗಿರೋ ಓಪನ್‌ಕ್ಯಾಸ್ಕೇಡ್ ಕರ್ನಲ್ (ಆಕಾರಗಳ ಲೆಕ್ಕ ಮಾಡೋ ಒಳಗಿನ ಎಂಜಿನ್) ಫಿಲೆಟ್ ವಿಚಾರದಲ್ಲಿ ದುರ್ಬಲ, ಫಿಲೆಟ್ ಪಕ್ಕದ ಮೈಯನ್ನ ಪೂರ್ತಿ ನುಂಗೋ ಹಾಗಿದ್ರೆ ಆಗಲ್ಲ ಅಂತ ನಿಂತುಬಿಡತ್ತೆ. ಸಾಲಿಡ್‌ವರ್ಕ್ಸ್, ಆನ್‌ಶೇಪ್, ಸಾಲಿಡ್ ಎಡ್ಜ್, ಮೂರೂ ಬಳಸೋ ಪ್ಯಾರಾಸಾಲಿಡ್ ಕರ್ನಲ್ ಇಂಥ ಜಾಗದಲ್ಲಿ ಸಲೀಸಾಗಿ ದಾಟತ್ತೆ. ಆ ಕರ್ನಲ್ ಸೀಮೆನ್ಸ್‌ದು, ಸಾಲಿಡ್‌ವರ್ಕ್ಸ್ ಇರೋದು ಅದರ ಪ್ರತಿಸ್ಪರ್ಧಿ ದಸ್ಸೋ ಹತ್ರ, ಆದ್ರೂ ಬುನಾದಿ ಸೀಮೆನ್ಸ್‌ದೇ ಅನ್ನೋದು ಸ್ವಾರಸ್ಯದ ವಿಷಯ. ಫ್ರೀಕ್ಯಾಡಲ್ಲಿ ಡಿಡಬ್ಲ್ಯೂಜಿ ತೆರೆಯೋಕೆ ಹೊರಗಿನ ಕನ್ವರ್ಟರ್ ಬೇಕು, ನೂರಾರು ಪಾರ್ಟಿನ ಅಸೆಂಬ್ಲಿ ಆದ್ರೆ ನಿಧಾನ ಆಗತ್ತೆ. ಇಷ್ಟೆಲ್ಲ ಇದ್ರೂ ಒಂಟಿಯಾಗಿ ಕೆಲಸ ಮಾಡೋವ್ರಿಗೆ, ವಿದ್ಯಾರ್ಥಿಗಳಿಗೆ, ಸಣ್ಣ ವರ್ಕ್‌ಶಾಪಿಗೆ ನಾನು ಇವತ್ತು ಮೊದಲು ಹೇಳೋ ಹೆಸರು ಇದೇ. ಫೈಲ್ ನಿಮ್ಮ ಕಂಪ್ಯೂಟರಲ್ಲೇ ಇರತ್ತೆ, ಅದು ಒಳಗಡೆ ಬರೀ ಒಂದು ಜಿಪ್ ಫೈಲ್, ಲೈಸೆನ್ಸ್ ಮುಗೀತು ಅಂತ ಯಾರೂ ಬಾಗಿಲು ಹಾಕಲ್ಲ.

ಸ್ಕೆಚ್‌ಅಪ್ ಬಗ್ಗೆ ಕೇಳೋವ್ರು ಜಾಸ್ತಿ. ಒಂದು ಮೈ ಹಿಡಿದು ಎಳೆದ್ರೆ ಗೋಡೆ, ತಳ್ಳಿದ್ರೆ ಕಿಟಕಿ, ಕಲಿಯೋಕೆ ಇಷ್ಟು ಸುಲಭದ್ದು ಇನ್ನೊಂದಿಲ್ಲ, ಮನೆ ಒಳಾಂಗಣ, ಪೀಠೋಪಕರಣ, ಐಡಿಯಾ ತೋರಿಸೋದು, ಇದಕ್ಕೆಲ್ಲ ಅದ್ಭುತ. ಆದ್ರೆ ಇದರ ವೃತ್ತ ವೃತ್ತ ಅಲ್ಲ, ಸುಮ್ನೆ ಬಿಟ್ರೆ 24 ಬದಿಯ ಬಹುಭುಜ. 200 ಎಂಎಂ ವ್ಯಾಸದ ತೂತು ಬರೆದು ಹಾಗೇ ಕಟಿಂಗಿಗೆ ಕಳಿಸಿದ್ರೆ ಪ್ರತಿ ಬದಿಯ ಮಧ್ಯದಲ್ಲಿ 0.86 ಎಂಎಂ ಒಳಗೆ ಬಂದಿರತ್ತೆ. ಅದರಲ್ಲಿ 200ರ ಬುಷ್ ಕೂರಲ್ಲ. ಬದಿ ಸಂಖ್ಯೆ ಜಾಸ್ತಿ ಮಾಡ್ಬಹುದು, ತಪ್ಪು ಕಡಿಮೆ ಆಗತ್ತೆ, ಹೋಗಲ್ಲ. ಮೆಶಿನಿಂಗ್ ಪಾರ್ಟಿಗೆ ಇದು ಬೇಡ, ಇಷ್ಟೇ.

ರೈನೋ ಬೇರೆಯದೇ ಜಾತಿ. ದೋಣಿಯ ಮೈ, ಆಭರಣ, ಚಪ್ಪಲಿ ಸೋಲ್, ಬಾಗು ಮೇಲ್ಮೈ ಯಾವುದಿದ್ರೂ ನರ್ಬ್ಸ್ (ಬಾಗು ಗೆರೆ, ಮೇಲ್ಮೈಗಳನ್ನ ಗಣಿತದಲ್ಲಿ ಬರೆಯೋ ವಿಧಾನ) ಮೇಲೆ ಇದರ ಹಿಡಿತ ದೊಡ್ಡದು, ಲೈಸೆನ್ಸ್ ಒಂದೇ ಸಲ ತಗೊಳ್ಳೋದು. ಫೀಚರ್ ಟ್ರೀ ಇಲ್ಲ, ಹಾಗಾಗಿ ನಮ್ಮ ಬ್ರಾಕೆಟಿನ ದಪ್ಪ ಕೈಯಿಂದ್ಲೇ ಸರಿಸ್ಬೇಕು, ಇಲ್ಲಾಂದ್ರೆ ರೈನೋ ಒಳಗಿರೋ ಗ್ರಾಸ್‌ಹಾಪರ್ ಅನ್ನೋ ದೃಶ್ಯ ಪ್ರೋಗ್ರಾಮಿಂಗ್ ಟೂಲಲ್ಲಿ ಮೊದಲೇ ತಂತಿ ಜೋಡಿಸಿ ಕಟ್ಟಿರ್ಬೇಕು. ಓಪನ್‌ಎಸ್‌ಕ್ಯಾಡ್ ಪ್ರೋಗ್ರಾಂ ಬರೆಯೋವ್ರಿಗೆ, ಆಕಾರನೆಲ್ಲ ಕೋಡಲ್ಲೇ ಬರೆಯೋದು, ಬದಲಾವಣೆ ಅಂದ್ರೆ ಒಂದು ಸಾಲು ತಿದ್ದೋದು. ಬ್ಲೆಂಡರ್ ಕ್ಯಾಡ್ ಅಲ್ಲ, ಚಿತ್ರ ಅನಿಮೇಶನಿಗೆ ಬಳಸಿ. ಕಟ್ಟಡದ ಪೂರ್ತಿ ಮಾಡೆಲ್, ಗೋಡೆ ಅಂದ್ರೆ ಗೋಡೆ ಬಾಗಿಲು ಅಂದ್ರೆ ಬಾಗಿಲು ಅಂತ ತಿಳ್ಕೊಳ್ಳೋ ಸಾಫ್ಟ್‌ವೇರ್ ಬೇಕಂದ್ರೆ ರೆವಿಟ್ ಕಡೆ ಹೋಗ್ಬೇಕು, ಅದಕ್ಕೆ ಬೇರೆಯೇ ರಿವ್ಯೂ ಬೇಕಾಗತ್ತೆ.

ಕಂಪ್ಯೂಟರ್ ಬಗ್ಗೆ ಒಂದು ಮಾತು. ಫೀಚರ್ ಟ್ರೀ ಒಂದಾದ ಮೇಲೊಂದು ಲೆಕ್ಕ ಆಗೋದ್ರಿಂದ ರೀಬಿಲ್ಡ್ ಬಹುಪಾಲು ಒಂದೇ ಕೋರಲ್ಲಿ ನಡೆಯತ್ತೆ, ಕೋರ್ ಸಂಖ್ಯೆಗಿಂತ ಒಂದೊಂದು ಕೋರ್ ಎಷ್ಟು ವೇಗ ಅನ್ನೋದು ಮುಖ್ಯ. ರ‍್ಯಾಮ್ ಧಾರಾಳ ಇರ್ಲಿ. ಚಕ್ರ ಇರೋ ಒಳ್ಳೇ ಮೌಸ್ ತಗೊಳ್ಳಿ, ಟಚ್‌ಪ್ಯಾಡಲ್ಲಿ ಮಾಡೆಲ್ ತಿರುಗಿಸ್ತಾ ಕೂತ್ರೆ ಕೈಯೂ ಹೋಗತ್ತೆ ತಾಳ್ಮೆನೂ ಹೋಗತ್ತೆ.

ಇನ್ನು ಫೈಲ್ ಬೇರೆಯವರಿಗೆ ಕೊಡೋ ವಿಚಾರ. ಟುಡಿಯಲ್ಲಿ ಡಿಡಬ್ಲ್ಯೂಜಿ ಕೊಡ್ತೀರ ಅಂದ್ರೆ ಎದುರಿನವರ ಹತ್ರ ಯಾವ ವರ್ಶನ್ ಇದೆ ಕೇಳಿ, 2018ರ ಫಾರ್ಮ್ಯಾಟೇ ನಂತರದ ಆಟೋಕ್ಯಾಡ್‌ಗಳಲ್ಲೂ ಮುಂದುವರಿದಿದೆ, ಅದಕ್ಕಿಂತ ಹಳೇದಿದ್ರೆ 2013 ಅಥವಾ 2010 ಅಂತ ಸೇವ್ ಮಾಡಿ ಕೊಡಿ. ಲೇಸರ್ ಕಟಿಂಗಿಗೆ ಡಿಎಕ್ಸ್‌ಎಫ್, ಕಳಿಸೋ ಮೊದಲು ಒಂದರ ಮೇಲೊಂದು ಬಿದ್ದಿರೋ ಗೆರೆಗಳನ್ನ ಓವರ್‌ಕಿಲ್ ಕಮಾಂಡ್ ಕೊಟ್ಟು ತೆಗೀರಿ, ಇಲ್ಲಾಂದ್ರೆ ಅದೇ ಜಾಗದಲ್ಲಿ ಎರಡು ಸಲ ಕಟ್ ಆಗತ್ತೆ. ತ್ರೀಡಿ ಪ್ರಿಂಟಿಗೆ ಎಸ್‌ಟಿಎಲ್ ನಡೆಯತ್ತೆ, ಆದ್ರೆ ಅದರಲ್ಲಿ ಯೂನಿಟ್ ಅನ್ನೋದೇ ಇರಲ್ಲ, ಬರೀ ತ್ರಿಕೋನಗಳು, ಎಂಎಂ ಅಂತ ಬರೆದದ್ದನ್ನ ಆ ಕಡೆ ಇಂಚು ಅಂತ ಓದಿದ್ರೆ 25.4 ಪಟ್ಟು ದೊಡ್ಡದಾಗಿ ತೆರೆಯತ್ತೆ. ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಹೋಗೋಕೆ ಸ್ಟೆಪ್ ಫೈಲೇ ಸರಿ, ಐಎಸ್‌ಒ 10303 ಅನ್ನೋ ಸ್ಟ್ಯಾಂಡರ್ಡ್, ಸಾಲಿಡ್‌ವರ್ಕ್ಸ್, ಫ್ಯೂಷನ್, ಆನ್‌ಶೇಪ್, ಫ್ರೀಕ್ಯಾಡ್, ಎಲ್ಲಾ ಇದನ್ನ ಓದ್ತವೆ ಬರೀತವೆ. ಆಕಾರ ಕರಾರುವಾಕ್ಕಾಗಿ ಹೋಗತ್ತೆ, ಫೀಚರ್ ಟ್ರೀ ಮಾತ್ರ ಹೋಗಲ್ಲ. ಸಾಲಿಡ್‌ವರ್ಕ್ಸಿಂದ ಸ್ಟೆಪ್ ತೆಗೆದು ಫ್ರೀಕ್ಯಾಡಲ್ಲಿ ತೆರೆದ್ರೆ ಬ್ರಾಕೆಟ್ ಒಂದು ಗಟ್ಟಿ ಮುದ್ದೆ ಆಗಿ ಬರತ್ತೆ, ದಪ್ಪ ಅನ್ನೋ ಅಳತೆ ಎಲ್ಲೂ ಇರಲ್ಲ. ನೀವು ಕಟ್ಟಿದ ಟ್ರೀ ಆ ಸಾಫ್ಟ್‌ವೇರಿನ ಒಳಗೇ ಉಳಿಯತ್ತೆ. ಅದಕ್ಕೇ ಮೊದಲ ಆಯ್ಕೆ ಇಷ್ಟು ಮುಖ್ಯ ಆಗೋದು. ತಗೊಳ್ಳೋ ಮೊದಲು ಟ್ರಯಲ್ ಆವೃತ್ತಿಯಲ್ಲಿ ನಿಮ್ಮದೇ ಒಂದು ಪಾರ್ಟ್ ಬರೆದು, ಬದಲಾಯಿಸಿ, ಸ್ಟೆಪ್ಪೂ ಡಿಎಕ್ಸ್‌ಎಫೂ ಹೊರಗೆ ಬರತ್ತಾ ಅಂತ ಪರೀಕ್ಷೆ ಮಾಡಿ ನೋಡಿ.

ಸ್ಟೆಪ್ ಕಳಿಸುವಾಗ ಜೊತೆಗೆ ಪಿಡಿಎಫ್ ಡ್ರಾಯಿಂಗ್ ಇರ್ಲೇಬೇಕು. ಎಂ8 ಟ್ಯಾಪನ್ನ ಸಾಮಾನ್ಯವಾಗಿ ಕಾಸ್ಮೆಟಿಕ್ ಥ್ರೆಡ್ಡಾಗಿ (ನೂಲನ್ನ ಕೊರೆಯದೆ ಬರೀ ಗುರುತಾಗಿ ತೋರಿಸೋದು) ಹಾಕಿರ್ತೀವಿ, ಅದು ಸ್ಟೆಪ್ಪಲ್ಲಿ 6.8 ಎಂಎಂನ ಬರೀ ಸಾದಾ ತೂತಾಗಿ ಹೋಗತ್ತೆ. ಮೆಶಿನ್ ಮಾಡೋವ್ರು ಅದನ್ನ ನೋಡಿ 6.8 ಡ್ರಿಲ್ ಹಾಕಿ ಕೊಟ್ರೆ ಅವರದ್ದೇನೂ ತಪ್ಪಿಲ್ಲ. ಡ್ರಾಯಿಂಗಲ್ಲಿ ಎರಡು ತೂತಿಗೂ ಎಂ8 ಟ್ಯಾಪ್, ಥ್ರೂ ಅಂತ ಕಾಲ್‌ಔಟ್ ಹಾಕಿ, ರಿವಿಷನ್ ನಂಬರ್ ಸ್ಟೆಪ್ ಫೈಲಿನ ಹೆಸರಲ್ಲೂ ಡ್ರಾಯಿಂಗಿನ ಟೈಟಲ್ ಬ್ಲಾಕಲ್ಲೂ ಒಂದೇ ಇರೋ ಹಾಗೆ ನೋಡ್ಕೊಂಡು ಕಳಿಸಿ.